ಸವಾಲಿಗೆ ಜವಾಬು ಯಾರದು?

"ಫೋನು ಇಲ್ಲೇ ಇಟ್ಟು ಹೋಗಿ ಮೇಡಂ. ಸ್ಮಾರ್ಟ್ ವಾಚ್ ಇದ್ರೆ ಅದೂ ಬಿಚ್ಚಿ."

ಶಾಂತಲಾ ಎರಡೂ ಕೈ ಎತ್ತಿ ತೋರಿಸಿದಳು. ಇದ್ದದ್ದು ಗಾಜಿನ ಬಳೆ ಮಾತ್ರ. ಬಾಗಿಲು ಕಾಯುತ್ತಿದ್ದ ಗಡ್ಡದವನು ಅವನ್ನೂ ಅನುಮಾನದಿಂದಲೇ ನೋಡಿ, ಫೋನನ್ನು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿಕೊಂಡು ಅವಳನ್ನು ಒಳಗೆ ಬಿಟ್ಟ.

ಜೆ.ಪಿ. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮೇಲಿದ್ದ ಆ ಒಂಟಿ ಕೋಣೆಗೆ ನಾಡಧರ್ಮ ಕಾವಲು ಪಡೆಯ ಕೇಂದ್ರ ಕಚೇರಿ ಎಂದು ಹೆಸರು. ಕೇಂದ್ರವೊಂದು ಬಿಟ್ಟರೆ ಶಾಖೆ ಎಲ್ಲೂ ಇರಲಿಲ್ಲ. ಮೇಜಿನ ಆಚೆ ಕೂತಿದ್ದವನು ಪಡೆಯ ಅಧ್ಯಕ್ಷ ಮೌನೇಶ. ವಯಸ್ಸು ಮೂವತ್ತೈದರ ಆಚೀಚೆ, ಗರಿಗರಿ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ.

ಹಾಡುಗಾರ್ತಿ ಯಲ್ಲವ್ವನ ಮೇಲೆ ದೂರು ಕೊಟ್ಟವನು ಇವನೇ. ಸಾರಕ್ಕಿಯ ಸಭೆಯೊಂದರಲ್ಲಿ ಗೀಗೀ ಪದ ಹಾಡುತ್ತ ಶಿವನನ್ನು ಹೀಯಾಳಿಸಿ ಧಾರ್ಮಿಕ ಭಾವನೆಗೆ ಧಕ್ಕೆ ತಂದಳು ಎಂಬ ಆ ದೂರಿಗೆ ಒಂದು ತುಂಡು ವಿಡಿಯೊ ಸಾಕ್ಷಿ. ಆ ವಿಡಿಯೊ ಸಾರಕ್ಕಿಯದೇ ಅಲ್ಲ ಎಂದು, ಯಲ್ಲವ್ವನ ಪರ ಹುಡುಕಾಟಕ್ಕೆ ಇಳಿದಿದ್ದ ಶಾಂತಲಾ ಕಳೆದ ವಾರ ಕಂಡುಕೊಂಡಿದ್ದಳು.

ಕಂಡುಕೊಂಡದ್ದು ಒಂದು ಕಲ್ಗಿಯಿಂದ. ಸಭೆಗೆ ಇಳಿಯುವ ಮುಂಚೆ ತಟ್ಟಿ ನುಡಿಸುವ ಡಪ್ಪಿಗೆ ಪೂಜೆ ಮಾಡಿ ಅದರ ಅಂಚಿಗೆ ಬಣ್ಣದ ಕಲ್ಗಿಯ ಗೊಂಡೆ ಕಟ್ಟುವುದು ಯಲ್ಲವ್ವನ ಮೇಳದ ವಾಡಿಕೆ. ಕಟ್ಟದೆ ಅವಳು ಜನರ ಮುಂದೆ ಬಾಯಿ ತೆರೆಯುವವಳಲ್ಲ. ವಿಡಿಯೊದಲ್ಲಿ ಅವಳ ಕೈಯಲ್ಲಿದ್ದ ಡಪ್ಪು ಬೋಳಾಗಿತ್ತು. ಅಂದರೆ ಅದು ಮನೆಯಲ್ಲಿ ಅಭ್ಯಾಸಕ್ಕೆ ಹಾಡಿದ್ದು, ತೆಗೆದವರು ಮೇಳದ ಒಳಗಿನವರು. ಆ ಒಳಗಿನ ಕೈ ಯಾವುದೆಂದು ತಿಳಿಯಲು, ರಾಜಿಯ ನೆಪ ಹೂಡಿ ಅವಳು ಈ ಹುತ್ತಕ್ಕೆ ಕೈ ಹಾಕಿದ್ದಳು.

ಮದುವೆಗೆ ಮುಂಚೆ ಗಂಡಿನ ಬಂಡವಾಳ ಬಯಲು ಮಾಡಿಕೊಡುವುದು ಗಿರಿನಗರದ ಶಾಂತಲೆಯ ಮಾಮೂಲು ಪತ್ತೇದಾರಿಕೆ. ಇಸ್ತ್ರಿ ಮಾಡಿದ ಸುಳ್ಳುಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಮೌನೇಶನ ಗತ್ತು ಅವಳಿಗೆ ಹೊಸದೇನೂ ಆಗಿರಲಿಲ್ಲ.

"ಏನಂತೆ? ಕ್ಷಮೆ ಕೇಳ್ತಾಳಂತಾ?" ಎಂದ ಅವನು, ಕೂರಿ ಎಂದೂ ಹೇಳದೆ.

ಶಾಂತಲಾ ತಾನೇ ಕುರ್ಚಿ ಎಳೆದುಕೊಂಡು ಕೂತಳು. "ಕೇಳೋಕೆ ಮುಂಚೆ ಯಾವ ತಪ್ಪಿಗೆ ಅಂತ ಗೊತ್ತಾಗ್ಬೇಕಲ್ಲ ಸಾರ್. ಯಾವ ಸಾಲಿಂದ ನಿಮಗೆ ನೋವಾಯ್ತು?"

"ಸಾಕ್ಷಾತ್ ಶಿವನ್ನ ಹೆಂಡತಿ ಹತ್ರ ಕೂಳಿಗೆ ಕೈಯೊಡ್ಡೋನು ಅಂದಿದ್ದಾಳೆ. ಅದು ಸಾಲ್ದಾ?"

"ನೀವು ಸಭೇಲಿ ಇದ್ರಾ?"

"ಮುಂದೇನೇ ಕೂತಿದ್ದೆ. ರಕ್ತ ಕುದ್ದೋಯ್ತು."

"ಹಂಗಾದ್ರೆ ಆ ಸವಾಲಿಗೆ ಬಂದ ಜವಾಬನ್ನೂ ಕೇಳಿರ್ತೀರಿ."

"ಕೇಳೋಕೆ ಯಾರಿದ್ರು? ಎದ್ದು ಬಂದೆ. ನೋಡಿ ಮೇಡಂ, ನಾನು ಇಲ್ಲೇ ಹುಟ್ಟಿ, ಸಾರಕ್ಕಿ ಕೆರೆ ಏರಿ ಮೇಲೆ ಗೋಲಿ ಆಡಿ ಬೆಳೆದೋನು. ಈ ಗೀಗೀ ಗಾಗಾ ಎಲ್ಲ ನಮಗೆ ಗೊತ್ತಿಲ್ಲ. ಜೀವಮಾನದಲ್ಲಿ ಮೊದಲನೇ ಸಲ ಕೇಳಿದ್ದು, ಅದೇ ಕೊನೇನೂ ಆಗ್ಲಿ."

ಗೊತ್ತಿಲ್ಲದವನಿಗೆ ಹಾಗೆನಿಸುವುದು ಸಹಜವೇ. ಗೀಗೀ ಪದದಲ್ಲಿ ಎರಡು ಪಕ್ಷ. ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು ಶಕ್ತಿಯ ಪರ ನಿಂತು ಶಿವನ ಕಾಲೆಳೆಯುತ್ತಾರೆ, ಹರದೇಶಿಯವರು ಗಂಡೇ ಹೆಚ್ಚು ಎಂದು ಶಕ್ತಿಯ ಜುಟ್ಟು ಹಿಡಿಯುತ್ತಾರೆ. ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು. ರಾತ್ರಿಯಿಡೀ ದೇವರನ್ನು ಬೈದಾಡಿ, ಬೆಳಗಿನ ಜಾವ ಇಬ್ಬರೂ ಸೇರಿ ಅದೇ ದೇವರಿಗೆ ಮಂಗಳ ಹಾಡಿ ಏಳುತ್ತಾರೆ. ಅಂಥ ಪದದಲ್ಲಿ ಸವಾಲನ್ನಷ್ಟೇ ಕತ್ತರಿಸಿ ಊರಿಗೆ ಹಂಚಿದರೆ ಬೈಗುಳವೊಂದೇ ಉಳಿಯುತ್ತದೆ.

"ಮೊನ್ನೆ ಬನಶಂಕರೀಲಿ ಮೈಕ್ ಹಿಡಿದು, ದೇವರ ಬಗ್ಗೆ ಬಾಯಿ ಬಿಟ್ಟೋರ ನಾಲಿಗೆ ಕೀಳ್ತೀವಿ ಅಂದ್ರಲ್ಲ" ಎಂದಳು ಶಾಂತಲಾ. "ಅದು ದ್ವೇಷ ಅಲ್ವಾ ಸಾರ್?"

"ಅದು ಭಾವನೆ."

"ಓಹೋ. ನಿಮ್ಮದಾದ್ರೆ ಭಾವನೆ, ಅವರದಾದ್ರೆ ಅಪರಾಧ."

ಮೌನೇಶ ನಕ್ಕ. "ಒಂದೇ ಒಂದು ಕೇಸು ಮೇಡಂ, ಎಷ್ಟು ಜನ ಸರಿ ಹೋದ್ರು ನೋಡಿ. ಕೆಫೇಲಿ ಜೋಕ್ ಹೇಳೋ ಹುಡುಗ ಒಬ್ಬ, ದೇವರ ಹೆಸರೆತ್ತೋದೇ ಬಿಟ್ಟ. ಜಯನಗರದ ನಾಟಕದೋರು ಸ್ಕ್ರಿಪ್ಟ್ ತಂದು ನನಗೆ ತೋರಿಸಿ ಹೋಗ್ತಾರೆ. ನಾನೇನು ತನ್ನಿ ಅಂದಿರ್ಲಿಲ್ಲ."

ಶಾಂತಲೆಯ ಮೈ ಉರಿಯಿತು. ಇವನು ಕೇಳದೆಯೇ ತಂದು ಒಪ್ಪಿಸುತ್ತಾರಲ್ಲ, ಅದಕ್ಕೆ ಅವಳಿಗೆ ಹೆಚ್ಚು ಸಂಕಟ. ಯಲ್ಲವ್ವ ಒಬ್ಬಳು ಜೈಲಿಗೆ ಹೋದರೆ ಇನ್ನು ಯಾರ ಬಾಯಿಗೂ ಬೀಗ ಹಾಕುವ ಶ್ರಮ ಇವನಿಗಿಲ್ಲ, ಅವರವರೇ ಹಾಕಿಕೊಳ್ಳುತ್ತಾರೆ. ಸಾರಕ್ಕಿಯ ಸಭೆಯಲ್ಲಿ ಜವಾಬನ್ನು ಕಿವಿಯಾರೆ ಕೇಳಿ ಚಪ್ಪಾಳೆ ತಟ್ಟಿದ್ದವರೆಲ್ಲ ಈಗ ಸಾಕ್ಷಿ ಹೇಳಿ ಎಂದರೆ, ಅವತ್ತು ನಮಗೆ ಹುಷಾರಿರಲಿಲ್ಲ ಎನ್ನುತ್ತಿದ್ದರು.

ಆಗಲೇ ಅವಳ ಕಣ್ಣು ಮೌನೇಶನ ಬಲಗೈಗೆ ಹೋಯಿತು. ಮಾತಿನ ನಡುವೆ ಅವನ ಬೆರಳು ಮೇಜನ್ನು ತಟ್ಟುತ್ತಿದ್ದವು. ಮೂರು ಪೆಟ್ಟು, ಒಂದು ಬಿಡುವು, ಕೊನೆಗೊಂದು ಗಟ್ಟಿ ಪೆಟ್ಟು. ವಿಡಿಯೊ ನೋಡಿ ನೋಡಿ ಆ ನಡೆ ಅವಳಿಗೆ ನಿದ್ದೆಯಲ್ಲೂ ಕೇಳಿಸುವಂತಾಗಿತ್ತು.

ಯಲ್ಲವ್ವ ಒಮ್ಮೆ ಹೇಳಿದ್ದ ಮಾತು ನೆನಪಾಯಿತು. "ಸೊಲ್ಲು ನೆಲಕ್ಕ ಬೀಳಬಾರದ್ರಿ ಮೇಡಂ. ಮುಂದಿನಾಕಿ ಎತ್ತಿ ಬಿಟ್ಟಳಂದ್ರ ಹಿಂದಿನವರು ಹಿಡೀಬೇಕು. ಬಿದ್ರ ಮೇಳಕ್ಕ ಕೇಡು. ಹಿಂಗಾಗಿ ನಮ್ಮವರು ನಿದ್ದಿಗಣ್ಣಾಗೂ ಹಿಡೀತಾರ."

ಶಾಂತಲೆಯ ಕಂಠ ದೇವರು ಕೊಟ್ಟದ್ದೇ ಆಗಿದ್ದರೆ ಆ ದೇವರ ಮೇಲೂ ಒಂದು ದೂರು ಕೊಡಬಹುದಿತ್ತು. ಆದರೂ ಅವಳು ಮೇಜಿನ ಮೇಲೆ ಕೈಯಿಟ್ಟು ಅದೇ ನಡೆ ತಟ್ಟಿದಳು. "ಈ ಸಾಲೇ ಅಲ್ವಾ ಸಾರ್ ನೀವು ಹೇಳಿದ್ದು?" ಎಂದು ಎತ್ತಿಯೇಬಿಟ್ಟಳು.

"ಹೆಂಡತಿ ಹಾಕಿದ ಕೂಳಿಗೆ ಕೈಯೊಡ್ಡಿ ನಿಂತವ
ಊರಿಗೆ ವರ ಹೆಂಗ ಕೊಟ್ಟಾನೋ..."

ಅಲ್ಲಿಗೇ ನಿಲ್ಲಿಸಿದಳು. ತಟ್ಟಲು ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದಳು.

ಫ್ಯಾನು ಕಿರ್ರೆನ್ನುತ್ತಿತ್ತು. ಮೌನೇಶನ ಬೆರಳು ನಾಲ್ಕೂ ಒಟ್ಟಿಗೆ ಮೇಜಿನ ಮೇಲೆ ಬಿದ್ದವು. ಅವನ ಗಂಟಲೊಳಗಿಂದ, ಅವನನ್ನು ಕೇಳದೆಯೇ, ಹಿಮ್ಮೇಳದ ಸೊಲ್ಲು ತೆಳ್ಳಗೆ ಬಂತು: "ಗೀಯ ಗಾ... ಗಾಗೀಯ ಗಾ."

ಬಂದದ್ದು ಅವನಿಗೆ ಗೊತ್ತಾದದ್ದು ಬಂದ ಮೇಲೆಯೇ. ವಿಭೂತಿಯ ಕೆಳಗೆ ಬೆವರೊಡೆಯಿತು.

"ಮೊದಲನೇ ಸಲ ಕೇಳಿದ್ದು ಅಂದ್ರಿ" ಎಂದಳು ಶಾಂತಲಾ ಮೆಲ್ಲಗೆ.

"ಅದೆಲ್ಲ ಯೂಟ್ಯೂಬಲ್ಲಿ ಐತಿ..." ಎಂದವನು ತಡವರಿಸಿದ. "ಇದೆ. ಯಾರ್ ಬೇಕಾದ್ರೂ ಕಲೀಬೋದು."

"ಕಲೀಬೋದು. ಆದ್ರೆ ನಿಮಗೆ ಅದು ಕಲಿತ ಹಾಗಿಲ್ಲ, ಮೈಗೆ ಹತ್ತಿದ ಹಾಗಿದೆ."

ಮೌನೇಶ ಎದ್ದು ನಿಂತ. ನಗು ಹೋಗಿತ್ತು. "ಸಾಕು ಹೋಗಿ. ಸಂಜೆ ಆರಕ್ಕೆ ಬಿ.ಟಿ.ಎಂ.ಗೆ, ಅವಳ ಮನೆ ಹತ್ರಾನೇ ನಾವೇ ಬರ್ತೀವಿ. ಲೈವ್‌ನಲ್ಲಿ ಕೈ ಮುಗಿದು ತಪ್ಪಾಯ್ತು ಅನ್ಲಿ, ಇನ್ಮೇಲೆ ಆ ಪದ ಹಾಡಲ್ಲ ಅನ್ಲಿ. ನಾಳೆ ಕೋರ್ಟಲ್ಲಿ ನಾನು ತಕರಾರು ಮಾಡಲ್ಲ. ಇಲ್ಲಾಂದ್ರೆ ಒಳಗೆ ಹೋಗ್ತಾಳೆ. ನೀವು ಇವತ್ತು ಇಲ್ಲಿ ಕೇಳಿದ್ದಕ್ಕೆ ಸಾಕ್ಷಿ ಯಾರೂ ಇಲ್ಲ, ನೆನಪಿರ್ಲಿ."

ಅದಂತೂ ನಿಜವಾಗಿತ್ತು. ಅವಳ ಫೋನು ಬುಟ್ಟಿಯಲ್ಲಿತ್ತು.

* * *

ಬಿ.ಟಿ.ಎಂ. ಎರಡನೇ ಹಂತದಲ್ಲಿ ಬೈರಣ್ಣನ ಮೂರು ಅಂತಸ್ತಿನ ಕಟ್ಟಡದ ತುತ್ತತುದಿಯ ಕೋಣೆ ಯಲ್ಲವ್ವನದು. ಹುನಗುಂದದ ಕಡೆಯ ಹೆಂಗಸು, ಐವತ್ತು ದಾಟಿದವಳು. ಹತ್ತಿರದ ಪಿ.ಜಿ.ಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಕೇಸಾದ ಮೇಲೆ ಅಲ್ಲಿಯವರು ಬರಬೇಡ ಎಂದಿದ್ದರು. ಶಾಂತಲಾ ಒಳಗೆ ಬಂದಾಗ ಅವಳು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ಅವಳ ವಕೀಲ ನಚಿಕೇತ ನೀರಿನ ಕ್ಯಾನನ್ನು ಕುರ್ಚಿ ಮಾಡಿಕೊಂಡು ಕೂತಿದ್ದ.

ಮಧ್ಯಂತರ ಜಾಮೀನು ನಾಳೆಗೆ ಮುಗಿಯುತ್ತಿತ್ತು. ಮುಂದುವರಿಯಬೇಕಾದರೆ ಹೊಸದೇನಾದರೂ ಕೈಯಲ್ಲಿ ಇರಬೇಕಿತ್ತು. ಆ ಜಾಮೀನಿಗೂ ಒಂದು ಷರತ್ತು: ತೀರ್ಮಾನ ಆಗುವ ತನಕ ಯಲ್ಲವ್ವ ಆ ಪದ ಹಾಡಕೂಡದು.

ಶಾಂತಲಾ ನಡೆದದ್ದನ್ನೆಲ್ಲ ಹೇಳಿದಳು. ನಚಿಕೇತ ಕ್ಯಾನಿನ ಮೇಲಿಂದ ಜಾರಿ ಬೀಳುವಷ್ಟು ಮುಂದೆ ಬಾಗಿದ. ಯಲ್ಲವ್ವ ಮಾತ್ರ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟು, ಮತ್ತೆ ಕಾಳಿಗೆ ಕೈ ಹಾಕಿದಳು.

ಶಾಂತಲೆಗೆ ಆಗ ಹೊಳೆಯಿತು. "ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ರಿ."

"ಮತ್ತೆ ನನ್ನನ್ನ ಊರೆಲ್ಲ ಅಲೆಸಿದ್ದು ಯಾಕೆ?"

"ವಿಡಿಯೋ ಎಲ್ಲೀದಂತ ಹುಡುಕ್ತೀನಿ ಅಂದ್ರಿ, ಹುಡುಕ್ರಿ ಅಂದೆ. ಮಂದಿ ಹೆಸರ ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

ಶಾಂತಲೆಗೆ ಕೋಪವೂ ಬಂತು, ನಗೆಯೂ ಬಂತು. ಅವಳು ಚಾಪೆಯ ಮೇಲೆ ಕೂತಳು. "ಈಗ ಕೇಳ್ತಿದೀನಿ."

ಯಲ್ಲವ್ವ ಮೊರ ಕೆಳಗಿಟ್ಟಳು. "ನಮ್ಮ ಕಡಿಯಾವ ಅಂವಾ, ಆರು ವರ್ಸ ನನ್ನ ಎದುರು ಹಾಡ್ಯಾನ್ರಿ. ನಂದು ನಾಗೇಶಿ, ಅವಂದು ಹರದೇಶಿ. ಅಷ್ಟು ಛಂದ ಜವಾಬ ಕೊಡಾವ ನನಗ ಮತ್ತೊಬ್ಬ ಸಿಗಲಿಲ್ಲ. ಇದ ಮಾಳಿಗಿ ಮ್ಯಾಲೆ ಅಭ್ಯಾಸ ಮಾಡ್ತಿದ್ವಿ. ಫೋನ್ ಅವಂದ, ನೀರಿನ ಟಾಕಿಗೆ ಆನಿಸಿ ಇಟ್ಟಿದ್ದ. ತಪ್ಪ ಎಲ್ಲಿ ಆಗತೈತಿ ನೋಡೂನು ಅಂತ."

"ಆ ವಿಡಿಯೋ ತೆಗೆದ ದಿನ ನಿಮ್ಮ ಸವಾಲಿಗೆ ಜವಾಬು ಹಾಡಿದ್ದು..."

"ಮತ್ಯಾರು? ಅಂವನ."

ವಿಡಿಯೊ ಆ ಜಾಗದಲ್ಲೇ ಯಾಕೆ ತುಂಡಾಗಿತ್ತು ಎಂಬುದಕ್ಕೆ ಶಾಂತಲಾ ಇಷ್ಟು ದಿನ ತಲೆ ಕೆರೆದುಕೊಂಡಿದ್ದಳು. ಸವಾಲು ಮುಗಿದ ಮರುಕ್ಷಣ ಶುರುವಾಗುತ್ತಿದ್ದದ್ದು ದೂರುದಾರನ ದನಿ. ಮೌನೇಶ ಕತ್ತರಿಸಿದ್ದು ತನ್ನನ್ನೇ.

"ಆ ಜವಾಬು ಏನಿತ್ತು?" ಎಂದಳು.

ಯಲ್ಲವ್ವ ಹಾಡಲಿಲ್ಲ, ಷರತ್ತಿತ್ತಲ್ಲ. ಮಾತಿನ ಹಾಗೆ ಹೇಳಿದಳು.

"ಕೈಯೊಡ್ಡಿ ಬೇಡಿದ್ದು ಕೂಳಲ್ಲ ತಂಗಿ
ಕೊಡುವಾಕಿ ಸೊಕ್ಕನ್ನ ಬೇಡ್ಯಾನೋ."

ಶಾಂತಲಾ ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಅಂದುಕೊಂಡಳು. ಕೊಡುವವಳ ಸೊಕ್ಕನ್ನು ಭಿಕ್ಷೆಯಾಗಿ ಬೇಡಿದವನು. ಇಂಥ ಮಾತು ಹುಟ್ಟಬೇಕಾದರೆ ಅಂಥದೊಂದು ಬೈಗುಳ ಮೊದಲು ಬೀಳಲೇಬೇಕಿತ್ತು. ಇದನ್ನು ಹಾಡಿದ್ದವನೇ ಈಗ ನಾಲಿಗೆ ಕೀಳುವ ಮಾತಾಡುತ್ತಿದ್ದಾನಲ್ಲ ಎಂದು ಅವಳಿಗೆ ನಿಜಕ್ಕೂ ದುಃಖವಾಯಿತು.

ನಚಿಕೇತನಿಗೆ ದುಃಖಕ್ಕೆ ಪುರುಸೊತ್ತಿರಲಿಲ್ಲ. "ಅಮ್ಮಾ, ಕೇಸೇ ಮುಗೀತು. ನೀವು ಇದನ್ನೇ ಒಂದು ಹೇಳಿಕೆ ಕೊಡಿ ಸಾಕು. ಅವನ ಫೋನ್ ಸೀಜ್ ಮಾಡಿಸಿ ಫುಲ್ ವಿಡಿಯೋ ತರಿಸಿ ಅಂತ ಕೇಳ್ತೀನಿ. ದುರುದ್ದೇಶ ಇತ್ತು ಅಂತ ತೋರಿಸಿದ್ರೆ ತಾನೆ ಈ ಸೆಕ್ಷನ್ ನಿಲ್ಲೋದು? ಪೂರ್ತಿ ಪದ ಕೇಳಿದ್ರೆ ಅದು ಬಿದ್ದೋಗುತ್ತೆ. ಅಷ್ಟೇ ಅಲ್ಲ, ಅವನೂ ಆ ಕಡೆಯಿಂದ ದೇವೀನ ಬೈದಿದ್ದಾನಾ?"

"ಬೈದಾನ್ರಿ. ಬೈಲಿಲ್ಲಂದ್ರ ಅದೆಂಥಾ ಹರದೇಶಿ?"

"ಸಖತ್. ಅದೇ ಸೆಕ್ಷನ್ ಅವನ ಮೇಲೂ ಹಾಕಿಸೋಣ. ನೀವು ಆಚೆ, ಅವನು ಒಳಗೆ. ಬರೀಲಾ?"

"ಬ್ಯಾಡ್ರಿ ವಕೀಲರ."

ನಚಿಕೇತನ ಪೆನ್ನು ಅರ್ಧದಲ್ಲೇ ನಿಂತಿತು.

"ಈ ಕಾಯ್ದೆ ಅನ್ನೂ ಕೋಲು ನನ್ನ ಬೆನ್ನಿಗೆ ಬಿದ್ದೈತಿ, ಬರೆ ಎದ್ದಾವ" ಎಂದಳು ಯಲ್ಲವ್ವ. ದನಿ ಏರಿರಲಿಲ್ಲ. "ಅದ ಕೋಲು ಎತ್ತಿ ಅವನ ಬೆನ್ನಿಗೆ ಹೊಡೀರಿ ಅಂತ ನಿಮ್ಮ ಕೈಯಾಗ ಕೊಡ್ಲೇನು? ಹಾಡಿದ್ದಕ್ಕ ಒಬ್ಬನ್ನ ಜೇಲಿಗೆ ಕಳಿಸಿದಾಕಿ, ಮತ್ತ ಯಾವ ಬಾಯಿಲೆ ಹಾಡಲಿ?"

"ಹಂಗಾದ್ರೆ ಆರು ಗಂಟೆಗೆ ಕ್ಷಮೆ ಕೇಳಿಬಿಡಿ."

"ತಪ್ಪ ಮಾಡಿದವರು ಕೇಳ್ತಾರ."

"ಅಮ್ಮಾ, ಅದೂ ಬೇಡ ಇದೂ ಬೇಡ ಅಂದ್ರೆ ನಾಳೆ ಜೈಲು."

"ಅಲ್ಲೂ ಹೆಣಮಕ್ಕಳು ಇರ್ತಾರಲ್ರಿ. ಅವರಿಗೆ ಕಲಿಸಿದ್ರಾತು."

ನಚಿಕೇತ ಶಾಂತಲೆಯ ಮುಖ ನೋಡಿದ, ನೀವಾದರೂ ಹೇಳಿ ಎಂಬಂತೆ. ವಕೀಲನ ಲೆಕ್ಕ ಸರಿಯಾಗಿತ್ತು, ಯಲ್ಲವ್ವನ ಮಾತು ಅದಕ್ಕಿಂತ ಸರಿಯಾಗಿತ್ತು, ಮತ್ತು ಆ ಸರಿಗೆ ನಾಳೆ ಬೆಲೆ ತೆರಬೇಕಾದವಳು ಅವಳೇ. ಇಂಥವಳ ಪರವಾಗಿ ಅಲೆದದ್ದಕ್ಕೆ ಶಾಂತಲೆಗೆ ಒಳಗೊಳಗೇ ಹೆಮ್ಮೆ ಆಗಿತ್ತು.

"ಅವನು ಮೇಳ ಬಿಟ್ಟಿದ್ದು ಯಾಕೆ?" ಎಂದಷ್ಟೇ ಕೇಳಿದಳು.

ಯಲ್ಲವ್ವ ಗೋಡೆಯ ಕಡೆ ನೋಡಿದಳು. ಅಲ್ಲಿ ಎರಡು ಡಪ್ಪು ನೇತಾಡುತ್ತಿದ್ದವು. ಎರಡನೆಯದು ಯಾರದೆಂದು ಶಾಂತಲಾ ಈವರೆಗೆ ಕೇಳಿರಲಿಲ್ಲ. "ಅದನ್ನ ಅಂವನ ಹೇಳಬೇಕು. ಒಂದಿನ ಡಪ್ಪು ಇಲ್ಲೇ ಬಿಟ್ಟು ಹೋದ, ತಿರುಗಿ ಬರಲಿಲ್ಲ."

ಬಾಗಿಲಲ್ಲಿ ಮನೆ ಮಾಲೀಕ ಬೈರಣ್ಣ ಕಾಣಿಸಿಕೊಂಡ. ಈ ಕಡೆ ಹೊಲಗಳಿದ್ದ ಕಾಲದಿಂದ ಇಲ್ಲಿಯವನು. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ಹೋದ ವಾರವೇ ಹೇಳಿ ಹೋಗಿದ್ದ. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಬಂದವ್ರೆ ಕಣಮ್ಮ, ಕೆಳಗೆ. ಒಂದು ಗುಂಪೇ ಐತೆ. ಗೇಟಿಗೆ ಬೀಗ ಹಾಕಿ ಬಂದಿದೀನಿ."

"ನಿಮಗ ತ್ರಾಸ ಆತು ಅಣ್ಣಾರ" ಎಂದಳು ಯಲ್ಲವ್ವ.

"ಗಾಜು ಒಡೀತಾರೆ ಅಂತ ಭಯ ಬಿದ್ದು ಖಾಲಿ ಮಾಡಿ ಅಂದಿದ್ದು ನಿಜ ಯಲ್ಲಮ್ಮನೋರೇ. ಆದ್ರೆ ಇವತ್ತು ಬಂದು ನನ್ನ ಮನೆ ಮುಂದೇನೇ ನಿಂತು, ನನ್ನನ್ನೇ ಏಕವಚನದಲ್ಲಿ ಮಾತಾಡಿಸ್ತವ್ರೆ." ಬೈರಣ್ಣ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಕಾಂಪೌಂಡು ನಂದು. ಒಳಗೆ ನೀವು ಏನು ಹಾಡ್ತೀರೋ ನನಗೆ ಗೊತ್ತಾಗಲ್ಲ. ನನಗೆ ಕಿವಿ ಸ್ವಲ್ಪ ಮಂದ."

ಯಲ್ಲವ್ವ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗೋಡೆಯಿಂದ ಎರಡೂ ಡಪ್ಪು ಇಳಿಸಿ, ಕುಂಕುಮ ಹಚ್ಚಿ, ದೇವರ ಗೂಡಿನ ಡಬ್ಬಿ ತೆರೆದಳು. ತನ್ನದಕ್ಕೆ ಕಲ್ಗಿ ಕಟ್ಟಿದಳು. ಇನ್ನೊಂದಕ್ಕೆ ಹರದೇಶಿಯವರ ಗುರುತಾದ ತುರಾಯಿ ಕಟ್ಟಿದಳು.

"ಅಮ್ಮಾ, ಹಾಡಿದ್ರೆ ಷರತ್ತು ಮುರಿದ ಹಾಗೆ" ಎಂದ ನಚಿಕೇತ. "ಅವರೇ ಲೈವ್ ಮಾಡ್ತಿರ್ತಾರೆ. ನಾಳೆ ನಾನು ಏನು ವಾದ ಮಾಡ್ಲಿ?"

"ಅರ್ಧಾ ಪದಕ್ಕ ನನ್ನ ಕಳ್ಳಿ ಮಾಡ್ಯಾರ. ಪೂರ್ತಿ ಪದಕ್ಕ ಏನ್ ಮಾಡ್ತಾರ ನೋಡೂನು ಬರ್ರಿ."

* * *

ಸಂಜೆಯ ಟ್ರಾಫಿಕ್ಕು ಮುಖ್ಯರಸ್ತೆಯಲ್ಲಿ ಹಾರ್ನು ಹೊಡೆಯುತ್ತಿತ್ತು. ಒಳರಸ್ತೆಯಲ್ಲಿ, ಗೇಟಿನ ಆಚೆ, ಪಡೆಯವರು ಫೋನುಗಳನ್ನು ಎತ್ತಿ ಹಿಡಿದು ನಿಂತಿದ್ದರು. ಮೂಲೆಯಲ್ಲಿ ಪೊಲೀಸ್ ಗಾಡಿಯೊಂದು ನಿಂತಿತ್ತು. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಬಾಡಿಗೆಯವರು ಒಗೆದ ಬಟ್ಟೆ ಸರಿಸಿ ಇಣುಕುತ್ತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಯಲ್ಲವ್ವನ ಸೀಮೆಯವರೇ, ಅವಳ ರೊಟ್ಟಿ ತಿಂದವರೇ. ಇಷ್ಟು ದಿನ ಒಬ್ಬರೂ ಉಸಿರೆತ್ತಿರಲಿಲ್ಲ.

ಬೈರಣ್ಣ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗೇಟಿನ ಒಳಗೆ ಹಾಕಿದ. ಯಲ್ಲವ್ವ ಕೂರಲಿಲ್ಲ. ಅದರ ಮೇಲೆ ತುರಾಯಿಯ ಡಪ್ಪನ್ನು ಇಟ್ಟಳು.

ಮೌನೇಶ ಗುಂಪಿನ ಮುಂದೆ ನಿಂತಿದ್ದ. ಡಪ್ಪಿನ ಮೇಲೆ ಅವನ ಕಣ್ಣು ಬಿದ್ದದ್ದನ್ನು ಶಾಂತಲಾ ನೋಡಿದಳು, ಅಲ್ಲಿಂದ ಅದು ಏಳದಿದ್ದದ್ದನ್ನೂ ನೋಡಿದಳು.

"ಲೈವ್ ಆನ್ ಆಗಿದೆ ಅಣ್ಣ" ಎಂದ ಗಡ್ಡದವನು. "ಏಯ್, ಕೈ ಮುಗಿದು ಹೇಳಮ್ಮ, ತಪ್ಪಾಯ್ತು ಅಂತ."

ಯಲ್ಲವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಮೌನ್ಯಾ" ಎಂದಳು, ದಿನಾ ಕರೆಯುವವಳ ಹಾಗೆ. "ಸೊರಗಿದೆಲ್ಲೋ. ಉಂಡ್ಯೇನು?"

ಎತ್ತಿದ ಫೋನುಗಳು ಒಂದೊಂದಾಗಿ ಯಲ್ಲವ್ವನಿಂದ ಅಧ್ಯಕ್ಷನ ಕಡೆಗೆ ವಾಲಿದವು. "ಅಣ್ಣ, ಈವಮ್ಮ ನಿಮಗೆ ಪರಿಚಯಾನಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಡಪ್ಪಿನ ಮೇಲೆ ಪೆಟ್ಟು ಬಿತ್ತು. ಮೂರು, ಒಂದು ಬಿಡುವು, ಆಮೇಲೆ ಗಟ್ಟಿಯದು. ಮೂಲೆಯ ಗಾಡಿಯ ಬಾಗಿಲು ತೆರೆದು ಪೇದೆಯೊಬ್ಬ ಇಳಿದ. ನಚಿಕೇತ ಕಣ್ಣು ಮುಚ್ಚಿಕೊಂಡ. ಯಲ್ಲವ್ವ ಗೇಟಿನ ಸರಳುಗಳ ಹತ್ತಿರ ಬಂದು, ಮೌನೇಶನ ಮುಖಕ್ಕೆ ಮುಖ ಕೊಟ್ಟು, ಇಡೀ ಬೀದಿಗೆ ಕೇಳುವಂತೆ ಎತ್ತಿದಳು.

"ಹೆಂಡತಿ ಹಾಕಿದ ಕೂಳಿಗೆ ಕೈಯೊಡ್ಡಿ ನಿಂತವ
ಊರಿಗೆ ವರ ಹೆಂಗ ಕೊಟ್ಟಾನೋ..."

ನಿಲ್ಲಿಸಿದಳು. ಎತ್ತಿದ ಕೈ ಮೇಲೆಯೇ ಇತ್ತು.

ಮೇಲಿನ ಬಾಲ್ಕನಿಯೊಂದರಿಂದ ಹೆಣ್ಣು ದನಿಯೊಂದು ಸೊಲ್ಲು ಹಿಡಿಯಿತು. "ಗೀಯ ಗಾ..." ಇನ್ನೊಂದು ಬಾಲ್ಕನಿ ಅದಕ್ಕೆ ದನಿ ಕೂಡಿಸಿತು. "ಗಾಗೀಯ ಗಾ." ಇಷ್ಟು ದಿನ ಮುಚ್ಚಿಕೊಂಡಿದ್ದ ಕಿಟಕಿಗಳು ತೆರೆದವು.

ಸೊಲ್ಲು ಮುಗಿಯಿತು. ಇನ್ನು ಉಳಿದದ್ದು ಜವಾಬು. ಅದನ್ನು ಬಾಲ್ಕನಿಯವರು ಹಾಡುವಂತಿರಲಿಲ್ಲ, ಅದು ಹರದೇಶಿಯವನ ಸರದಿ. ಪೇದೆಯೂ ನಡೆಯುತ್ತಿದ್ದಲ್ಲೇ ನಿಂತ.

ಯಲ್ಲವ್ವ ಕುರ್ಚಿಯ ಮೇಲಿನ ಡಪ್ಪನ್ನು ಎತ್ತಿ ಗೇಟಿನ ಮೇಲಿಂದ ಆಚೆ ಚಾಚಿದಳು. ಎಲ್ಲ ಫೋನುಗಳೂ ಅವನ ಮೇಲಿದ್ದವು. ಮೌನೇಶನ ಎರಡೂ ಕೈ ಮೇಲೆದ್ದು ಡಪ್ಪಿನ ಅಂಚನ್ನು ಹಿಡಿದವು. ನೆಲಕ್ಕೆ ಅಪ್ಪಳಿಸುವುದಕ್ಕೋ, ಎದೆಗೆ ಒತ್ತಿಕೊಳ್ಳುವುದಕ್ಕೋ ಶಾಂತಲೆಗೆ ತಿಳಿಯಲಿಲ್ಲ.

ಅವನು ಬಾಯಿ ತೆರೆದ.